ಕುಂಬಾರರ ಊರಿಗೆ ಇಬ್ಬರ ಪ್ರಯಾಣ

ಮುಂಬಯಿಯಲ್ಲಿ ದುಡಿಯುವ ನಮ್ಮವರಿಗೆ ರಜೆ ಎಂದರೆ ಊರು. ವರ್ಷಕ್ಕೆ ಸಿಕ್ಕುವ ಹದಿನೈದಿಪ್ಪತ್ತು ದಿನಗಳಲ್ಲಿ ತಮ್ಮನ ಮದುವೆಗೆ ನಾಲ್ಕು, ಜಾತ್ರೆಗೆ ಮೂರು, ತಂದೆಯವರ ತಿಥಿಗೆ ಎರಡು. ಹೊಲದ ಕಾಗದಪತ್ರಗಳಿಗಾಗಿ ತಹಶೀಲ್ದಾರರ ಕಚೇರಿಗೆ ಅಲೆಯುವುದರಲ್ಲಿ ಉಳಿದವೂ ಮುಗಿಯುತ್ತವೆ. ಇವೆಲ್ಲ ಆಗಲೇಬೇಕಾದ ಕೆಲಸಗಳು, ಬೇಡವೆನ್ನುವಂತಿಲ್ಲ. ಆದರೆ ಗಂಡಹೆಂಡಿರು ಇಬ್ಬರೇ, ಯಾವ ಕಾರ್ಯದ ನೆಪವೂ ಇಲ್ಲದೆ, ಒಂದು ಊರನ್ನು ನೋಡುವುದಕ್ಕೆಂದೇ ಹೋಗಿಬಂದುದುಂಟೇ ಎಂದು ಕೇಳಿದರೆ ಹೆಚ್ಚಿನವರು ನಕ್ಕು ಸುಮ್ಮನಾಗುವರು. ಒಂದೇ ಖೋಲಿಯಲ್ಲಿ ಬಾಳುತ್ತಿದ್ದರೂ ಒಬ್ಬರು ಪಾಳಿ ಮುಗಿಸಿ ಬರುವ ಹೊತ್ತಿಗೆ ಇನ್ನೊಬ್ಬರು ಲೋಕಲ್ ಗಾಡಿ ಹಿಡಿಯಲು ಓಡುವ ಸಂಸಾರಗಳು ಕುರ್ಲಾದಲ್ಲಿ ಬೇಕಾದಷ್ಟಿವೆ. ಜೊತೆಗಿರುವುದು ಬೇರೆ, ಜೊತೆಯಾಗಿ ಏನನ್ನಾದರೂ ನಿಧಾನವಾಗಿ ನೋಡುವುದು ಬೇರೆ.

ಜಪಾನಿನಲ್ಲಿ ದಂಪತಿಗಳು ಎರಡು ಮೂರು ದಿನಗಳ ಬಿಡುವು ಸಿಕ್ಕಾಗ ಹೋಗುವ ಸ್ಥಳಗಳಲ್ಲಿ ಕುಂಬಾರರ ಊರುಗಳೂ ಸೇರಿವೆ. ಅಲ್ಲಿ ಸಮುದ್ರಸ್ನಾನವಿಲ್ಲ, ಸಿನಿಮಾ ತಾರೆಯರಿಲ್ಲ. ಮಣ್ಣು, ತಿಗರಿ, ಆವಗೆ, ಹೊಗೆ ಹಿಡಿದ ಗೋಡೆ, ಇಷ್ಟೇ. ಇದನ್ನು ನೋಡಲು ಜನರೇಕೆ ಹೋಗುತ್ತಾರೆ? ನಮಗೆ ಅಂತಹ ಊರು ಎಲ್ಲಿದೆ? ಅಲ್ಲಿ ಏನನ್ನು, ಹೇಗೆ ನೋಡಬೇಕು? ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವುದು ಈ ಲೇಖನದ ಉದ್ದೇಶ.

ತೊಕೊನಾಮೆ ಎಂಬ ಊರು

ಜಪಾನಿನಲ್ಲಿ ಬಹು ಹಿಂದಿನಿಂದ ಮಡಕೆ ಸುಡುತ್ತ ಬಂದಿರುವ ಆರು ಸ್ಥಳಗಳನ್ನು "ಆರು ಪುರಾತನ ಆವಗೆಗಳು" ಎಂದು ಕರೆಯುತ್ತಾರೆ: ಸೆತೊ, ತೊಕೊನಾಮೆ, ಎಚಿಜೆನ್, ಶಿಗರಾಕಿ, ತಂಬಾ, ಬಿಜೆನ್. ಇವುಗಳಲ್ಲಿ ತೊಕೊನಾಮೆ ನಾಗೊಯಾ ನಗರದ ದಕ್ಷಿಣಕ್ಕೆ ಕಡಲ ತೀರದಲ್ಲಿದೆ. ಸುಮಾರು ಒಂಬೈನೂರು ವರ್ಷಗಳಿಂದ ಇಲ್ಲಿ ಮಣ್ಣಿನ ಕೆಲಸ ನಡೆದಿದೆ. ಮೊದಲು ದೊಡ್ಡ ದೊಡ್ಡ ಗುಡಾಣಗಳು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಜಪಾನು ಹೊಸ ಪಟ್ಟಣಗಳನ್ನೂ ರೈಲು ದಾರಿಗಳನ್ನೂ ಕಟ್ಟತೊಡಗಿದಾಗ ಚರಂಡಿಯ ಮಣ್ಣಿನ ಕೊಳವೆಗಳು. ಆಮೇಲೆ ಇಟ್ಟಿಗೆ ಮತ್ತು ಬಿಲ್ಲೆಗಳು. ಕೆಂಪು ಮಣ್ಣಿನ ಚಹಾದ ಕುಡಿಕೆಗಳಿಗೆ ಈ ಊರು ಇಂದಿಗೂ ಪ್ರಸಿದ್ಧ.

ಇಲ್ಲಿ ಬಂದವರಿಗಾಗಿ ಒಂದು ಕಾಲುದಾರಿಯನ್ನು ಗೊತ್ತುಮಾಡಿದ್ದಾರೆ. ಉದ್ದ ಸುಮಾರು 1.6 ಕಿಲೋಮೀಟರು. ಕುರ್ಲಾ ಸ್ಟೇಷನ್ನಿನ ಗದ್ದಲದಲ್ಲಿ ನಡೆದು ಪಳಗಿದ ಕಾಲುಗಳಿಗೆ ಅದು ಅರ್ಧ ಗಂಟೆಯ ದಾರಿ. ಆದರೆ ಅಲ್ಲಿಗೆ ಹೋದವರು ಅದರಲ್ಲಿಯೇ ಇಡೀ ದಿನ ಕಳೆಯುವುದುಂಟು. ದಾರಿಯಲ್ಲಿ ಒಂದು ಇಳಿಜಾರಿನ ಓಣಿಯಿದೆ. ಅದರ ಒಂದು ಬದಿಯ ಗೋಡೆ ಹಳೆಯ ಚರಂಡಿ ಕೊಳವೆಗಳಿಂದಲೂ ಇನ್ನೊಂದು ಬದಿಯದು ಮದ್ಯದ ಹಳೆಯ ಮಣ್ಣಿನ ಜಾಡಿಗಳಿಂದಲೂ ಕಟ್ಟಿದುದು. ಮುಂದೆ 1887ರಲ್ಲಿ ಕಟ್ಟಿದ ಒಂದು ಆವಗೆ ಸಿಕ್ಕುತ್ತದೆ. ಗುಡ್ಡದ ಇಳುಕಲಿಗೆ ಮೆಟ್ಟಿಲುಮೆಟ್ಟಿಲಾಗಿ ಕೋಣೆಗಳನ್ನು ಕಟ್ಟಿ, ಕೆಳಗೆ ಹಾಕಿದ ಬೆಂಕಿ ಒಂದೊಂದೇ ಕೋಣೆಯನ್ನು ಕಾಯಿಸುತ್ತ ಮೇಲೇರುವಂತೆ ಮಾಡಿದ್ದಾರೆ. ತುದಿಯಲ್ಲಿ ಹತ್ತು ಚಿಮಣಿಗಳು. 1974ರಲ್ಲಿ ಕೊನೆಯ ಬಾರಿ ಉರಿದು ಆರಿದ ಈ ಆವಗೆಯನ್ನು ಕೆಡವದೆ ಉಳಿಸಿಕೊಂಡಿದ್ದಾರೆ. ಈ ಊರಿನ ಕಡಲಲ್ಲಿಯೇ ನಡುಗಡ್ಡೆ ಮಾಡಿ ಕಟ್ಟಿದ ದೊಡ್ಡ ವಿಮಾನ ನಿಲ್ದಾಣ 2005ರಲ್ಲಿ ತೆರೆಯಿತು. ಅಷ್ಟಾದರೂ ಕುಂಬಾರರ ಓಣಿಗಳು ಓಣಿಗಳಾಗಿಯೇ ಉಳಿದವು.

ದಂಪತಿಗಳು ಅಲ್ಲಿಂದ ಕೊಂಡುತರುವ ವಸ್ತುಗಳಲ್ಲಿ ಒಂದು ಜೋಡಿ ಬಟ್ಟಲು. ಜಪಾನೀ ಭಾಷೆಯಲ್ಲಿ "ಮೆಓತೊ" ಎಂದರೆ ಗಂಡಹೆಂಡಿರು. ಒಂದೇ ಮಣ್ಣಿನ, ಒಂದೇ ಬಗೆಯ ಎರಡು ಬಟ್ಟಲುಗಳನ್ನು, ಗಂಡನಿಗೆ ತುಸು ದೊಡ್ಡದು, ಹೆಂಡತಿಗೆ ತುಸು ಚಿಕ್ಕದು ಎಂದು ಮಾಡಿ ಮಾರುವ ಸಂಪ್ರದಾಯ ಅಲ್ಲಿದೆ. ಬಟ್ಟಲು ತರುವ ಪದ್ಧತಿ ಒಳ್ಳೆಯದು. ಅಳತೆಯ ವಿಷಯದಲ್ಲಿ ನಮ್ಮ ವಾಚಕರು ತಂತಮ್ಮ ಮನೆಯಲ್ಲಿ ವಿಚಾರಿಸಿಕೊಳ್ಳಲಿ.

ಐರಣಿಯ ಗಡಿಗೆ

ಮದುವೆಗೂ ಮಡಕೆಗೂ ಗಂಟು ಹಾಕಿದವರು ಜಪಾನಿನವರು ಮಾತ್ರವಲ್ಲ. ನಮ್ಮ ಉತ್ತರ ಕರ್ನಾಟಕದ ಮದುವೆಗಳಲ್ಲಿ ಕುಂಬಾರರ ಮನೆಯಿಂದ ಬಣ್ಣ ಬಳಿದ ಐರಣಿ ಗಡಿಗೆಗಳನ್ನು ವಾದ್ಯದೊಂದಿಗೆ ತರುವುದುಂಟು. ಮೈಸೂರಿನ ಕಡೆ ಅದನ್ನೇ ಅರಿವೇಣಿ ಎನ್ನುತ್ತಾರೆ. ನಮ್ಮಲ್ಲಿ ಎಷ್ಟೋ ಸಂಸಾರಗಳು ಕುಂಬಾರರ ಬಾಗಿಲಿನಿಂದಲೇ ಹೊರಟುವು. ಕೊನೆಗೆ ಸ್ಮಶಾನದಲ್ಲಿ ಒಡೆಯುವುದೂ ಒಂದು ಮಡಕೆಯನ್ನೇ. ಈ ಎರಡು ಮಡಕೆಗಳ ನಡುವಿನ ಬಾಳಿನಲ್ಲಿ ಒಂದು ಸಲವಾದರೂ ಇಬ್ಬರೂ ಹೋಗಿ ಮಡಕೆ ಹುಟ್ಟುವುದನ್ನು ನೋಡುವುದು ತಕ್ಕ ಮಾತೇ ಅಲ್ಲವೇ?

ಅದಕ್ಕೆ ಜಪಾನಿಗೇ ಹೋಗಬೇಕೆಂದಿಲ್ಲ. ಎರಡು ಸ್ಥಳಗಳನ್ನು ಸೂಚಿಸಬಹುದು. ಒಂದು ನಮ್ಮ ಮಗ್ಗುಲಲ್ಲೇ ಇದೆ. ಅರ್ಧ ದಿನ ಸಾಕು. ಇನ್ನೊಂದು ಊರಿಗೆ ಹೋಗುವ ದಾರಿಯಲ್ಲಿದೆ. ಅದಕ್ಕೆ ಎರಡು ಮೂರು ದಿನ ಬೇಕು.

ಒಂದು ಸ್ಟೇಷನ್ ಆಚೆ

ಕುರ್ಲಾದಿಂದ ದಾದರಿನ ಕಡೆಗೆ ಹೋಗುವ ಸ್ಲೋ ಲೋಕಲ್ ಹಿಡಿದರೆ ಮೊದಲನೆಯ ಸ್ಟೇಷನ್ನೇ ಸಾಯನ್. ಫಾಸ್ಟ್ ಗಾಡಿಗಳು ಸಾಮಾನ್ಯವಾಗಿ ಅಲ್ಲಿ ನಿಲ್ಲುವುದಿಲ್ಲ. ಈ ಪ್ರಯಾಣಕ್ಕೆ ನಿಧಾನದ ಗಾಡಿಯೇ ತಕ್ಕುದು. ಪಶ್ಚಿಮಕ್ಕೆ ಇಳಿದು ತೊಂಬತ್ತು ಅಡಿ ರಸ್ತೆಯಲ್ಲಿ ನಡೆದರೆ ಧಾರಾವಿಯ ಕುಂಭಾರವಾಡಾ ಬರುತ್ತದೆ. ರಸ್ತೆಯ ಅಂಚಿಗೆ ಸಾಲಾಗಿ ಮಾಟ, ಕುಂಡ, ಹಣತೆಗಳ ರಾಶಿ ಕಂಡಿತೆಂದರೆ ತಲುಪಿದಿರಿ ಎಂದು ತಿಳಿಯಬಹುದು.

ಇಲ್ಲಿಯ ಕುಂಬಾರರಲ್ಲಿ ಹೆಚ್ಚಿನವರು ಗುಜರಾತಿನ ಸೌರಾಷ್ಟ್ರದಿಂದ ಬಂದ ಪ್ರಜಾಪತಿ ಸಮಾಜದವರು. ಇವರ ಹಿರಿಯರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಬರಗಾಲ ಮತ್ತು ಜೀವನೋಪಾಯದ ಕಾರಣದಿಂದ ಮುಂಬಯಿಗೆ ಬಂದರು. ಪಟ್ಟಣ ಬೆಳೆದಂತೆ ಹೊಗೆಯ ಕಸುಬಿನವರನ್ನು ಅದು ಹೊರಕ್ಕೆ ತಳ್ಳಿತು. 1930ರ ದಶಕದ ಆರಂಭದಲ್ಲಿ ಅವರು ಧಾರಾವಿಯಲ್ಲಿ ನೆಲೆಸಿದರು. ಆಗ ಅದು ಊರಿನ ಅಂಚು, ಕೆಸರು ನೆಲ. ಈಗ ಅದೇ ಮಹಾನಗರದ ನಟ್ಟನಡುವೆ ಬಂದಿದೆ. ದುಡಿಮೆಗಾಗಿ ಊರು ಬಿಟ್ಟು ಬಂದವರ ಕಥೆ ನಮಗೆ ಹೊಸದಲ್ಲ; ಆದುದರಿಂದ ಕುಂಭಾರವಾಡಾದಲ್ಲಿ ನಾವು ಪ್ರೇಕ್ಷಕರಂತೆ ಅಲ್ಲ, ನೆರೆಯವರಂತೆ ನಡೆಯುವುದು ಉಚಿತ.

ಇಲ್ಲಿಯ ಮನೆಗಳ ರಚನೆಯನ್ನು ಗಮನಿಸಬೇಕು. ಮನೆ ಉದ್ದಕ್ಕಿದೆ. ಒಂದು ಕಡೆ ಮಾರಾಟದ ಅಂಗಡಿ, ನಡುವೆ ವಾಸ, ಇನ್ನೊಂದು ಕಡೆ ಕೆಲಸದ ಅಂಗಳ. ಎದುರುಬದುರು ಸಾಲುಗಳ ನಡುವಿನ ಓಣಿಯಲ್ಲಿ ಹಲವು ಮನೆಗಳಿಗೆ ಸೇರಿದ ಭಟ್ಟಿಗಳು. ಮಣ್ಣು ಒಂದು ತುದಿಯಿಂದ ಒಳಕ್ಕೆ ಬಂದು ಮಡಕೆಯಾಗಿ ಇನ್ನೊಂದು ತುದಿಯಿಂದ ಹೊರಕ್ಕೆ ಹೋಗುತ್ತದೆ. ಮನೆ, ಕಾರ್ಖಾನೆ, ಅಂಗಡಿ ಮೂರೂ ಒಂದೇ ಮಾಡಿನ ಕೆಳಗೆ.

ಏನನ್ನು ನೋಡಬೇಕು?

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆ ಎಲ್ಲರಿಗೂ ಗೊತ್ತು. ದೊಣ್ಣೆಯ ನಿಮಿಷವನ್ನು ನಾವು ಕಂಡಿದ್ದೇವೆ. ಕುಂಬಾರನ ವರುಷವನ್ನು ಕಂಡವರು ಕಡಿಮೆ. ಒಂದೇ ದಿನದಲ್ಲಿ ಒಂದು ಮಡಕೆಯ ಪೂರ್ತಿ ಬಾಳನ್ನು ನೋಡಲಾಗದು. ಆದರೆ ಓಣಿಯಲ್ಲಿ ಒಂದು ಮನೆಯವರು ಮಣ್ಣು ತುಳಿಯುತ್ತಿದ್ದರೆ ಮತ್ತೊಂದು ಮನೆಯವರು ತಿಗರಿಯ ಮುಂದೆ ಕುಳಿತಿರುತ್ತಾರೆ, ಮೂರನೆಯವರು ಆವಗೆ ಒಟ್ಟುತ್ತಿರುತ್ತಾರೆ. ಹೀಗಾಗಿ ಮೆಲ್ಲನೆ ನಡೆದು, ಅಲ್ಲಲ್ಲಿ ನಿಂತು ನೋಡಿದರೆ ಹತ್ತು ದಿನಗಳ ಕೆಲಸ ಅರ್ಧ ದಿನದಲ್ಲಿ ಕಣ್ಣಿಗೆ ಬೀಳುತ್ತದೆ.

ಮೊದಲನೆಯದು ಮಣ್ಣು. ಅದನ್ನು ನೀರಿನಲ್ಲಿ ನೆನೆಹಾಕಿ, ಕಲ್ಲು ಬೇರು ತೆಗೆದು, ಕಾಲಿನಿಂದಲೋ ಯಂತ್ರದಿಂದಲೋ ಹದ ಮಾಡುತ್ತಾರೆ. ಬರಿಯ ಜೇಡಿಮಣ್ಣು ಒಣಗುವಾಗ ಕುಗ್ಗಿ ಬಿರಿಯುತ್ತದೆ. ಆದುದರಿಂದ ಮರಳೋ ಬೂದಿಯೋ ಬೆರೆಸುವುದುಂಟು. ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ನಾದಬೇಕು. ಇಲ್ಲದಿದ್ದರೆ ಗೋಡೆ ಒಂದೇ ಸಮನಾಗಿ ಏಳದು.

ಎರಡನೆಯದು ತಿಗರಿ. ನೋಡುವವರೆಲ್ಲ ಇಲ್ಲಿಯೇ ನಿಲ್ಲುತ್ತಾರೆ, ಏಕೆಂದರೆ ಇದೊಂದೇ ಬೇಗ ನಡೆಯುವ ಕೆಲಸ. ಈಗ ಅನೇಕರು ವಿದ್ಯುತ್ತಿನ ತಿಗರಿಯನ್ನೇ ಬಳಸುತ್ತಾರೆ. ಮಣ್ಣಿನ ಮುದ್ದೆ ನಡುವಿಗೆ ಸರಿಯಾಗಿ ಕೂರಬೇಕು. ಅದು ಕೂತ ಮೇಲೆ ಉಳಿದುದು ಬೆರಳಿನ ಒತ್ತಡ. ಹೆಬ್ಬೆರಳು ಒಳಗೆ, ಉಳಿದ ಬೆರಳು ಹೊರಗೆ. ಅವುಗಳ ನಡುವೆ ಗೋಡೆ ಏಳುತ್ತದೆ.

ಮೂರನೆಯದು ತಟ್ಟುವುದು. ನೀರಿನ ದೊಡ್ಡ ಮಡಕೆಯ ದುಂಡು ತಳ ತಿಗರಿಯ ಮೇಲೆಯೇ ಆಗುವುದಿಲ್ಲ. ದಪ್ಪ ಗೋಡೆಯಾಗಿ ಎತ್ತಿ, ಅರೆ ಒಣಗಿದ ಮೇಲೆ ಒಳಗೆ ಒಂದು ನುಣುಪಾದ ಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ತೆಳುವಾಗಿಸಿ ದೊಡ್ಡದು ಮಾಡುತ್ತಾರೆ. ಕಣ್ಣಿಗೆ ಕಾಣದ ಒಳಗೋಡೆಯ ದಪ್ಪವನ್ನು ಕೈ ಸದ್ದಿನಿಂದಲೇ ಅಳೆಯುತ್ತದೆ. ಹರಿಹರ ಕವಿ ಕುಂಬಾರ ಗುಂಡಯ್ಯನ ಮೇಲೆ ರಗಳೆಯನ್ನೇ ರಚಿಸಿದ್ದಾನೆ. ಗುಂಡಯ್ಯ ಗಡಿಗೆ ಬಾರಿಸಿದಾಗ ಶಿವನೇ ಕುಣಿದನೆಂಬುದು ಅದರ ಕಥೆ. ಈ ತಟ್ಟುವಿಕೆಯನ್ನು ಹತ್ತು ನಿಮಿಷ ಕೇಳಿದವರಿಗೆ ಆ ಕಥೆ ಎಲ್ಲಿಂದ ಹುಟ್ಟಿತೆಂಬುದು ಹೊಳೆಯುತ್ತದೆ.

ನಾಲ್ಕನೆಯದು ಒಣಗಿಸುವುದು. ಇಲ್ಲಿ ಯಾರೂ ಏನೂ ಮಾಡುತ್ತಿರುವಂತೆ ಕಾಣುವುದಿಲ್ಲ. ಆದರೆ ಕಸುಬಿನ ಅರ್ಧ ಜಾಣತನ ಇಲ್ಲಿಯೇ ಇದೆ. ಒಂದು ಬದಿ ಬೇಗ ಒಣಗಿ ಇನ್ನೊಂದು ಬದಿ ಹಸಿಯಾಗಿದ್ದರೆ ಮಡಕೆ ಸೀಳುತ್ತದೆ. ನೆರಳಿನಲ್ಲಿಟ್ಟು, ತಿರುಗಿಸಿ, ಕೊನೆಗೆ ಬಿಸಿಲಿಗೆ ತರಬೇಕು. ಮಳೆಗಾಲದಲ್ಲಿ ಇದು ಬಲು ಕಷ್ಟ. ಆಗ ಕೆಲಸ ತಗ್ಗುತ್ತದೆ.

ಐದನೆಯದು ಬೆಂಕಿ. ಮೊದಲು ಸಣ್ಣ ಶಾಖ. ಉಳಿದ ತೇವ ಒಮ್ಮೆಲೇ ಆವಿಯಾದರೆ ಮಡಕೆ ಸಿಡಿಯುತ್ತದೆ. ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಮಣ್ಣಿನ ಕಣಗಳೊಳಗೆ ಕೂಡಿಕೊಂಡಿದ್ದ ನೀರೂ ಹೊರಟುಹೋಗುತ್ತದೆ. ಆ ಗೆರೆ ದಾಟಿದ ಮೇಲೆ ಅದು ಮತ್ತೆ ಕೆಸರಾಗದು. ಅಲ್ಲಿಯವರೆಗೆ ಮಡಕೆ ನೀರಿಗೆ ಬಿದ್ದರೆ ಮಣ್ಣು; ಅದರ ಮೇಲೆ ನೀರನ್ನೇ ಹಿಡಿದಿಡುವ ಪಾತ್ರೆ. ನಮ್ಮ ಕೆಂಪು ಮಡಕೆಗಳು ಸಾಮಾನ್ಯವಾಗಿ 700ರಿಂದ 900 ಡಿಗ್ರಿಗಳ ಶಾಖದಲ್ಲಿ ಬೇಯುತ್ತವೆ. ಕಲ್ಲಿನಂತಹ ಗಟ್ಟಿ ಪಾತ್ರೆಗಳಿಗೆ 1200ಕ್ಕೂ ಹೆಚ್ಚು ಬೇಕು. ಮಣ್ಣಿನಲ್ಲಿರುವ ಕಬ್ಬಿಣಕ್ಕೆ ಬೇಯುವಾಗ ಗಾಳಿ ಸಿಕ್ಕರೆ ಕೆಂಪು, ಗಾಳಿ ಕಟ್ಟಿ ಹೊಗೆ ತುಂಬಿದರೆ ಕಪ್ಪು. ಒಂದೇ ಮಣ್ಣು, ಎರಡು ಬಣ್ಣ. ಉರಿ ಆರಿದ ಮೇಲೂ ಅವಸರ ಕೂಡದು. ಬಿಸಿಯಿದ್ದಾಗಲೇ ಆವಗೆ ತೆರೆದರೆ ತಂಗಾಳಿ ತಗುಲಿ ಬಿರುಕು ಬಿಡುತ್ತದೆ.

ಇಷ್ಟರಿಂದ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಕುಂಬಾರರ ಊರಿನಲ್ಲಿ ಹೊತ್ತನ್ನು ಗೊತ್ತುಮಾಡುವುದು ಗಡಿಯಾರವಲ್ಲ, ಮಣ್ಣಿನ ತೇವ. ನಿಮಿಷ ಲೆಕ್ಕ ಹಾಕಿ ಗಾಡಿ ಹಿಡಿಯುವ ನಮಗೆ ಇಂತಹ ಸ್ಥಳದಲ್ಲಿ ಒಂದು ದಿನ ಕಳೆಯುವುದೇ ವಿಶ್ರಾಂತಿ. ಕೆಲಸ ನಿಂತಿರುವ ಕಡೆಯಲ್ಲಷ್ಟೇ ವಿಶ್ರಾಂತಿ ಉಂಟೆಂದು ತಿಳಿಯಬಾರದು. ಕೆಲಸ ಅದರ ವೇಗದಲ್ಲಿ ನಡೆಯುವ ಕಡೆಯಲ್ಲಿಯೂ ಅದು ಸಿಕ್ಕುತ್ತದೆ.

ಇನ್ನೊಂದು ಮಾತು. ಕೋಟೆ, ಅರಮನೆ ನೋಡಲು ಹೋದಾಗ ಸಾಮಾನ್ಯವಾಗಿ ಗಂಡಸರು ವಿವರಿಸುತ್ತಾರೆ, ಹೆಂಗಸರು ಕೇಳುತ್ತಾರೆ. ಕುಂಬಾರರ ಓಣಿಯಲ್ಲಿ ಇದು ತಿರುಗುಮುರುಗಾಗುವುದೇ ಹೆಚ್ಚು. ಬಾಯಿ ಎಷ್ಟು ಅಗಲವಿದ್ದರೆ ಕೈಹಾಕಿ ತೊಳೆಯಬಹುದು, ತುಂಬಿದಾಗ ಎಷ್ಟು ಭಾರ, ತಳ ಒಲೆಯ ಮೇಲೆ ಕೂರುತ್ತದೆಯೇ ಎಂಬುದು ನೀರು ಹೊತ್ತವರಿಗೆ, ಅಡಿಗೆ ಮಾಡಿದವರಿಗೆ ಗೊತ್ತು. ಮನೆಯವರ ಪ್ರಶ್ನೆಗೆ ಕುಂಬಾರರು ಮುಖವೆತ್ತಿ ಉತ್ತರ ಕೊಡುವುದನ್ನು ಯಜಮಾನರು ಪಕ್ಕದಲ್ಲಿ ನಿಂತು ಕೇಳಲಿ. ಇಬ್ಬರೂ ಒಂದೇ ವಸ್ತುವಿನ ಬಗ್ಗೆ ಬೇರೆ ಬೇರೆ ತಿಳಿವಳಿಕೆಯಿಂದ ಮಾತಾಡುವ ಅವಕಾಶ ಖೋಲಿಯಲ್ಲಿ ದಿನವೂ ಸಿಕ್ಕುವುದಿಲ್ಲ.

ಖಾನಾಪುರದ ಕಡೆಗೆ

ಹೆಚ್ಚು ದಿನಗಳಿರುವವರು ಬೆಳಗಾವಿ ಜಿಲ್ಲೆಯ ಖಾನಾಪುರಕ್ಕೆ ಹೋಗಬಹುದು. ಪುಣೆ, ಮೀರಜ್ ಮಾರ್ಗವಾಗಿ ಹುಬ್ಬಳ್ಳಿಯ ಕಡೆಗೆ ಹೋಗುವ ಗಾಡಿಯಲ್ಲಿ ಒಂದು ರಾತ್ರಿಯ ಪ್ರಯಾಣ ಮಾಡಿ ಬೆಳಗಾವಿಯಲ್ಲಿ ಇಳಿದರೆ ಅಲ್ಲಿಂದ ಸುಮಾರು ಇಪ್ಪತ್ತೈದು ಕಿಲೋಮೀಟರು. ಬಸ್ಸುಗಳಿವೆ. ಧಾರವಾಡ, ಹುಬ್ಬಳ್ಳಿ, ಗದಗದ ಕಡೆಯವರಿಗೆ ಇದು ಊರಿನ ದಾರಿಯೇ. ಹೋಗುವಾಗಲೋ ಬರುವಾಗಲೋ ಎರಡು ದಿನ ಇಳಿದುಕೊಂಡರೆ ಆಯಿತು.

ಖಾನಾಪುರ ಮಲಪ್ರಭೆಯ ದಡದ ಊರು. ಆ ಹೊಳೆ ಹುಟ್ಟುವ ಕಣಕುಂಬಿಯೂ ಇದೇ ತಾಲೂಕಿನಲ್ಲಿದೆ. ಪಶ್ಚಿಮಕ್ಕೆ ಸಹ್ಯಾದ್ರಿಯ ಕಾಡು, ಪೂರ್ವಕ್ಕೆ ಬಯಲು. ಇಲ್ಲಿಯ ಕೆಂಪು ಮಣ್ಣಿನಿಂದ ಮಡಕೆ, ಕುಂಡ, ಇಟ್ಟಿಗೆ, ಹಂಚುಗಳು ಬಹುಕಾಲದಿಂದ ಆಗುತ್ತಿವೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇಲ್ಲಿಯೇ ಇದೆ. ಕುಂಬಾರಿಕೆಯ ತರಬೇತಿಗಾಗಿಯೇ ನಡೆಯುವ ಸಂಸ್ಥೆ ಅದು. ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆದು ಹೋಗುವುದು ಕ್ರಮ.

ಧಾರಾವಿಯಲ್ಲಿ ಮಣ್ಣು ಲಾರಿಯಲ್ಲಿ ಬರುತ್ತದೆ; ಖಾನಾಪುರದಲ್ಲಿ ಅದು ಕಾಲಕೆಳಗೇ ಇದೆ. ಹೊಳೆಯ ಹತ್ತಿರದ ಮಣ್ಣಿಗೂ ಆವಗೆಯಿಂದ ಬಂದ ಹಂಚಿಗೂ ಇರುವ ನಂಟನ್ನು ಒಂದೇ ನಡಿಗೆಯಲ್ಲಿ ಕಾಣಬಹುದು. ಬೆಳಿಗ್ಗೆ ಕುಂಬಾರರ ಕೆಲಸ, ಮಧ್ಯಾಹ್ನ ಊಟ ಮತ್ತು ನಿದ್ದೆ, ಸಂಜೆ ಹೊಳೆಯ ದಡ, ಇಷ್ಟಕ್ಕೆ ಮೊದಲ ದಿನ ಸಾಕು. ಎರಡನೆಯ ದಿನ ಬೇಕಾದರೆ ಅದೇ ತಾಲೂಕಿನ ಹಲಸಿಗೆ ಹೋಗಬಹುದು. ಪಲಾಶಿಕಾ ಎಂಬ ಹೆಸರಿನಿಂದ ಅದು ಕದಂಬರ ಎರಡನೆಯ ರಾಜಧಾನಿಯಾಗಿತ್ತು. ಭೂವರಾಹ ನರಸಿಂಹ ದೇವಾಲಯ ಅಲ್ಲಿದೆ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವೂ ಈ ತಾಲೂಕಿನದೇ. ಆದರೆ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಹೊರಟರೆ ಮುಂಬಯಿಯ ಓಟವನ್ನೇ ಖಾನಾಪುರಕ್ಕೆ ಒಯ್ದಂತಾಗುತ್ತದೆ. ಒಂದನ್ನು ಬಿಟ್ಟುಬಂದರೆ ಏನೂ ನಷ್ಟವಿಲ್ಲ.

ಕೊಳ್ಳುವವರಿಗೆ ಕೆಲವು ಸೂಚನೆಗಳು

ಮಡಕೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟಿರಿ. ಸ್ವಚ್ಛವಾದ ನಾದ ಬಂದರೆ ಚೆನ್ನಾಗಿ ಬೆಂದಿದೆ. ಮಂಕಾದ ಸದ್ದು ಬಂದರೆ ಎಲ್ಲೋ ಬಿರುಕಿದೆ ಅಥವಾ ಬೆಂದಿಲ್ಲ. ಅಡಿಗೆಯ ಮಡಕೆಯನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಬಳಿಕ ಅನ್ನದ ಗಂಜಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ ಹದ ಮಾಡಬೇಕು. ಗಂಜಿಯ ಅಂಟು ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ನೀರಿನ ಮಡಕೆಗೆ ಇದನ್ನು ಮಾಡಕೂಡದು. ಅದರ ಗುಣವೇ ರಂಧ್ರಗಳಲ್ಲಿದೆ. ಆದುದರಿಂದ ಹೊರಮೈಗೆ ಎಣ್ಣೆಬಣ್ಣ ಬಳಿದ ಮಡಕೆ ನೋಡಲು ಚಂದ, ನೀರು ತಂಪು ಮಾಡಲು ನಿಷ್ಪ್ರಯೋಜಕ. ಹೊಳೆಯುವ ಬಣ್ಣದ ಮೆರುಗಿರುವ ಪಾತ್ರೆಯಲ್ಲಿ ಸೀಸವಿಲ್ಲವೆಂದು ಖಚಿತವಾಗಿ ತಿಳಿಯದೆ ಹುಳಿ ಪದಾರ್ಥ ಇಡಬಾರದು.

"ನಮ್ಮ ವಿಜಾಪುರದ ಹರವಿಯ ನೀರು ಹಲ್ಲು ಜುಮ್ಮೆನ್ನಿಸುತ್ತಿತ್ತು, ಕುರ್ಲಾದ ಮಾಟದ ನೀರು ಸಪ್ಪೆ" ಎಂಬ ದೂರು ಆಗಾಗ ಕೇಳುತ್ತದೆ. ತಪ್ಪು ಕುಂಬಾರರದಲ್ಲ. ನೀರು ರಂಧ್ರಗಳಿಂದ ಜಿನುಗಿ ಆವಿಯಾಗುವಾಗ ಒಳಗಿನ ನೀರಿನಿಂದಲೇ ಶಾಖವನ್ನು ಎಳೆದುಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 580 ಕ್ಯಾಲೊರಿ ಶಾಖ ಹೋಗುತ್ತದೆ. ಅಂದರೆ 58 ಗ್ರಾಂ ನೀರನ್ನು 10 ಡಿಗ್ರಿ ತಣಿಸುವಷ್ಟು. ಬಯಲುಸೀಮೆಯ ಒಣಗಾಳಿ ಈ ಆವಿಯನ್ನು ಬೇಗ ಹೀರುತ್ತದೆ. ಮುಂಬಯಿಯ ಗಾಳಿ ಕಡಲ ತೇವದಿಂದ ಮೊದಲೇ ತುಂಬಿರುವುದರಿಂದ ಹೆಚ್ಚು ಹೀರಲಾರದು. ಆದುದರಿಂದ ಮಾಟವನ್ನು ಮೂಲೆಯಲ್ಲಿಡದೆ ಕಿಟಕಿಯ ಗಾಳಿಗೆ ಇಡಿರಿ. ಸಾಬೂನು ತಾಗಿಸದೆ ಬ್ರಷ್ಷಿನಿಂದ ಉಜ್ಜಿರಿ. ಜುಲೈ ಆಗಸ್ಟಿನಲ್ಲಿ ಅದರಿಂದ ಹೆಚ್ಚು ತಂಪನ್ನು ನಿರೀಕ್ಷಿಸಬೇಡಿರಿ.

ಕುಂಬಾರರ ಮನೆಯಲ್ಲಿ ನಡೆದುಕೊಳ್ಳುವ ರೀತಿಯೂ ಮುಖ್ಯ. ಕೇಳದೆ ಫೋಟೋ ತೆಗೆಯಬಾರದು. ಒಣಗಲಿಟ್ಟುದನ್ನು ಮುಟ್ಟಬಾರದು, ಹಸಿ ಮಡಕೆಯ ಮೇಲೆ ಬಿದ್ದ ಬೆರಳಿನ ಗುರುತು ಬೆಂದ ಮೇಲೂ ಹೋಗದು. ಚೌಕಾಸಿ ಮಾಡುವ ಮೊದಲು ಮೇಲೆ ಹೇಳಿದ ಐದು ಕೆಲಸಗಳನ್ನು ಒಮ್ಮೆ ನೆನೆಯಿರಿ. ದೀಪಾವಳಿಗೆ ಮುಂಚಿನ ವಾರಗಳಲ್ಲಿ ಹಣತೆಯ ಕೆಲಸ ಭರದಿಂದ ನಡೆಯುವುದರಿಂದ ನೋಡಲು ಬಹಳವಿರುತ್ತದೆ, ಮಾತಿಗೆ ಅವರಿಗೆ ಪುರಸತ್ತಿರುವುದಿಲ್ಲ. ಹಬ್ಬ ಕಳೆದು ಡಿಸೆಂಬರಿನಿಂದ ಮಾರ್ಚಿಯವರೆಗೆ ಹೋಗುವುದು ಇಬ್ಬರಿಗೂ ಅನುಕೂಲ.

ಬೇಗ ಹೋಗಬೇಕಾದ ಕಾರಣ

ನಿಧಾನವಾಗಿ ನೋಡಿರೆಂದು ಹೇಳುತ್ತಲೇ ಹೋಗುವುದನ್ನು ಮಾತ್ರ ತಡಮಾಡಬೇಡಿರೆಂದು ಹೇಳಬೇಕಾಗಿದೆ. ಧಾರಾವಿಯನ್ನು ಹೊಸದಾಗಿ ಕಟ್ಟುವ ಯೋಜನೆಯನ್ನು ಸರಕಾರ 2004ರಲ್ಲಿ ಸಾರಿತು. 2022ರ ನವೆಂಬರಿನಲ್ಲಿ ಅದರ ಟೆಂಡರು ಗೊತ್ತಾಯಿತು. ಒಳ್ಳೆಯ ಮನೆ, ನೀರು, ಶೌಚಾಲಯ ಅಲ್ಲಿಯವರಿಗೂ ಬೇಕು. ಆವಗೆಯ ಹೊಗೆ ಒಳ್ಳೆಯದೆಂದು ಯಾರೂ ಹೇಳುವುದಿಲ್ಲ, ಮೊದಲು ಕೆಮ್ಮುವವರು ಕುಂಬಾರರೇ. ಆದರೆ ಕುಂಬಾರನಿಗೆ ಮನೆಯೊಂದೇ ಸಾಲದು. ಮಣ್ಣು ಹರಡಲು ನೆಲ ಬೇಕು, ಒಣಗಿಸಲು ಅಂಗಳ ಬೇಕು, ಬೇಯಿಸಲು ಬೆಂಕಿ ಬೇಕು. ಏಳನೆಯ ಮಾಳಿಗೆಯಲ್ಲಿ ಆವಗೆ ಹೊತ್ತಿಸುವಂತಿಲ್ಲ. ಬೆಂಕಿಯಾರಿದ ಆವಗೆಯನ್ನೂ ತೊಕೊನಾಮೆಯವರು ಉಳಿಸಿಕೊಂಡರು. ಉರಿಯುತ್ತಿರುವ ಆವಗೆಗಳಿಗೆ ನಾವು ಎಲ್ಲಿ ಜಾಗ ಕೊಡುತ್ತೇವೆ ಎಂಬುದು ಮುಂಬಯಿಯ ಮುಂದಿರುವ ಪ್ರಶ್ನೆ. ನಾವು ಹೋಗಿ ನೋಡಿದ ಮಾತ್ರಕ್ಕೆ ಅದು ಬಗೆಹರಿಯದು. ಆದರೆ ಹೋಗಿ ನೋಡಿದವರು, ಮಾಟ ಕೊಂಡವರು, ಆ ಪ್ರಶ್ನೆ ಬಂದಾಗ ಸುಮ್ಮನಿರಲಾರರು.

ಆದುದರಿಂದ ಮುಂದಿನ ಒಂದು ರವಿವಾರ, ಮಕ್ಕಳನ್ನು ನೆರೆಯವರಲ್ಲಿ ಬಿಡಲು ಸಾಧ್ಯವಾದರೆ ಬಿಟ್ಟು, ಇಬ್ಬರೂ ಸಾಯನ್ನಿಗೆ ಒಂದು ಟಿಕೇಟು ತೆಗೆಯಿರಿ. ಊಟದ ಡಬ್ಬಿ ಒಯ್ಯಿರಿ. ಕೈಯಲ್ಲಿ ಪಟ್ಟಿ ಬೇಡ. ಬರುವಾಗ ಒಂದೊಂದು ಚಹಾದ ಬಟ್ಟಲು ತನ್ನಿರಿ. ನೀರಿನ ಮಾಟವನ್ನಾದರೆ ಸಂಜೆಯ ಗರ್ದಿಯ ಗಾಡಿಗೆ ತರಬೇಡಿರಿ. ದೊಣ್ಣೆಯ ನಿಮಿಷಕ್ಕೆ ಲೋಕಲ್ ಗಾಡಿಯ ಬಾಗಿಲೂ ಸಾಕು.